ಏಳನೇ ಪೋರ್ಟಾದ ನೋಟಿಸು

ಮಡಿವಾಳಪ್ಪ ಮನೆ ಬಿಡಲು ತೀರ್ಮಾನಿಸಿದ್ದಕ್ಕೆ ಒಂದು ಸೀನು ಕಾರಣ. ಕೆಲವು ವಾರಗಳ ಹಿಂದೆ ಒಂದು ಬೆಳಿಗ್ಗೆ ಎದ್ದವನು ತನ್ನ ಮನೆಯಲ್ಲಿ, ತನ್ನ ಪಾಡಿಗೆ ತಾನು ಸೀನಿದ. ಬಲಗಡೆಯ ಗೋಡೆ, “ಕಷಾಯ ಮಾಡಿ ಕೊಡ್ಲಾ ಮಡಿವಾಳಪ್ಪಣ್ಣ?” ಎಂದಿತು. ಎಡಗಡೆಯ ಗೋಡೆ, “ವಿಕ್ಸ್ ಐತ್ರಿ ಅಣ್ಣಾರ ನನ್ನ ಕಡೆ” ಎಂದಿತು.

ಈ ಗಲ್ಫಿನಲ್ಲಿ ಅವನ ಮನೆ ಎಂದರೆ ತಗಡಿನ ಪೋರ್ಟಾ ಕ್ಯಾಬಿನ್. ಅಲ್ ಬರ್ಷಾದ ಮಾಲು, ಮೆಟ್ರೊ ಎಲ್ಲ ದಾಟಿ ಹಿಂದಕ್ಕೆ ಹೋದರೆ ಕುಂಞಾಲಿ ಕಾಕನ ಕಾಂಪೌಂಡ್ ಸಿಗುತ್ತದೆ. ಅಲ್ಲಿ ಇಂಥ ಪೋರ್ಟಾಗಳು ಗೋಡೆಗೆ ಗೋಡೆ ತಾಗಿಸಿಕೊಂಡು ರೈಲಿನ ಡಬ್ಬಿಗಳ ಹಾಗೆ ನಿಂತಿವೆ. ಏಳನೆಯದು ಮಡಿವಾಳಪ್ಪನದು. ಬಲಕ್ಕೆ ಉಪ್ಪಿನಂಗಡಿ ಕಡೆಯ ಬೀಫಾತಿಮ ಗಂಡನೊಂದಿಗೆ ಇದ್ದಳು. ಎಡಕ್ಕೆ ಗದಗಿನ ಎಸಿ ಮೆಕ್ಯಾನಿಕ್ ಪ್ರೀತಮ. ಇಬ್ಬರೂ ಒಳ್ಳೆಯವರೇ. ಅದೇ ದೊಡ್ಡ ತೊಂದರೆ.

ಇಷ್ಟು ದಿನ ಹೇಗೋ ನಡೆದಿತ್ತು. ಆದರೆ ಬಾಗಲಕೋಟೆಯಲ್ಲಿದ್ದ ಹೆಂಡತಿ ನೀಲಮ್ಮನಿಗೆ ವೀಸಾ ಬಂದಿತ್ತು. ಮದುವೆಯಾದ ಮೇಲೆ ಮೊದಲ ಸಲ ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಇರುವ ಯೋಗ ಕೂಡಿಬಂದಿತ್ತು. ಹೆಂಡತಿಯ ಕಿವಿಯಲ್ಲಿ ಹೇಳಿದ ಮಾತಿಗೆ ಪಕ್ಕದ ಮನೆಯವರು ನಗಬಾರದು, ಜಗಳವಾಡಿದರೆ ಅವರು ತೀರ್ಪು ಕೊಡಬಾರದು. ಮಡಿವಾಳಪ್ಪನ ಆಸೆ ಇಷ್ಟೇ.

ಅನ್ಸಿಫ್ ಎಂಬ ಏಜೆಂಟ್ ಫೋನಿನಲ್ಲೇ ಒಂದು ಜಾಗ ಹೊಂದಿಸಿಕೊಟ್ಟಿದ್ದ. ಸಿಲಿಕಾನ್ ಓಯಸಿಸ್‌ನ ಆಚೆ ಹೊಸ ಪೋರ್ಟಾ ಕಾಂಪೌಂಡ್. ಮಡಿವಾಳಪ್ಪ ಹೋಗಿ ನೋಡಿದಾಗ ಬೇಲಿ, ನಾಲ್ಕು ಬೇವಿನ ಗಿಡ, ಬಯಲು ಬಿಟ್ಟರೆ ಏನೂ ಇರಲಿಲ್ಲ. ಮನೆಗಳು ಇನ್ನೂ ಬರಬೇಕಿತ್ತು. ಆ ಮೌನಕ್ಕೇ ಮರುಳಾಗಿ ಅಡ್ವಾನ್ಸ್ ಕೊಟ್ಟು ಬಂದಿದ್ದ.

“ಎಲ್ಲ ಬುಕ್ ಆಗಿದೆ ಸರ್. ಆದ್ರೆ ಒಬ್ಬ ಬಿಡುವ ಹಾಗೆ ಕಾಣ್ತದೆ. ಅವನು ತಿಂಗಳ ಕೊನೆಯೊಳಗೆ ನೋಟಿಸ್ ಕೊಟ್ರೆ ಜಾಗ ನಿಮ್ಮದು” ಎಂದಿದ್ದ ಅನ್ಸಿಫ್.

ಇವತ್ತೇ ತಿಂಗಳ ಕೊನೆ. ಮಡಿವಾಳಪ್ಪನೂ ಇವತ್ತೇ ಕುಂಞಾಲಿ ಕಾಕನಿಗೆ ನೋಟಿಸ್ ಕೊಡಬೇಕು. ಇಲ್ಲದಿದ್ದರೆ ಇನ್ನೊಂದು ತಿಂಗಳು ಇಲ್ಲೇ, ನೀಲಮ್ಮನ ಸಮೇತ.

ಕಾಂಪೌಂಡಿನ ಬಾಗಿಲಲ್ಲೇ ಕಾಕನ ಕಿರಾಣಿ ಅಂಗಡಿ. ಮಡಿವಾಳಪ್ಪ ರಾತ್ರಿಯೇ ವಾಟ್ಸಾಪಿನಲ್ಲಿ ಬರೆದು ಕಳಿಸಿದ್ದ. ಬೆಳಿಗ್ಗೆ ಹೋಗಿ ಕೇಳಿದರೆ ಕಾಕ ಅದನ್ನು ತೆರೆದೂ ನೋಡಿರಲಿಲ್ಲ.

“ಅದೆಲ್ಲ ಮಾಫಿ, ನಡೆಯುದಿಲ್ಲ. ನನ್ನ ಕಾನೂನು ಗೊತ್ತುಂಟಲ್ಲ?” ಎಂದ ಕಾಕ, ಈರುಳ್ಳಿ ಆರಿಸುತ್ತ. “ಸೂರ್ಯ ಮುಳುಗಿ ಮಗ್ರಿಬ್ ಬಾಂಗು ಆಗುವ ಮೊದಲು ಬರ್ಬೇಕು. ಅಕ್ಕಪಕ್ಕದ ಇಬ್ಬರು ಜೊತೆಯಲ್ಲಿ ಇರ್ಬೇಕು. ಎಲ್ಲರೂ ಕೂತು ಒಂದೊಂದು ಸುಲೈಮಾನಿ ಚಾ ಕುಡಿದು, ಬಾಯಲ್ಲಿ ಹೇಳ್ಬೇಕು. ಬರುವಾಗ ಜಗಳ ಇರ್ಲಿಲ್ಲ, ಹೋಗುವಾಗಲೂ ಇರ್ಬಾರ್ದು. ಈಗ ನಂಗೆ ಕೆಲಸ ಉಂಟು. ಯಲ್ಲಾ, ಹೊರಡಿ, ಸಂಜೆಗೆ ಬನ್ನಿ.”

ಯಾರ ಕಿವಿ ತಪ್ಪಿಸಲು ಮನೆ ಬಿಡುತ್ತಿದ್ದನೋ ಅವರನ್ನೇ ಸಾಕ್ಷಿಗೆ ಕರೆಯಬೇಕಾಗಿ ಬಂತು. ನಿಮ್ಮ ಕಿವಿಯ ಕಾಟಕ್ಕೆ ಹೊರಟೆ ಎಂದು ಹೇಳುವುದುಂಟೇ? ಮಡಿವಾಳಪ್ಪ ದಾರಿಯಲ್ಲೇ ಒಂದು ಸುಳ್ಳು ಕಟ್ಟಿಕೊಂಡ.

“ಕಂಪನಿಯವ್ರು ಮನಿ ಕೊಟ್ಟಾರ್ರಿ ಅಕ್ಕಾರ. ಅಲ್ಲಿಗೆ ಹೊಂಟೀನಿ” ಎಂದ, ಬೀಫಾತಿಮಳ ಬಾಗಿಲಲ್ಲಿ ನಿಂತು.

ಬೀಫಾತಿಮಳ ಕಣ್ಣಲ್ಲಿ ನೀರೇ ಬಂತು. “ಎಂತ ಮಾರಾಯ್ರೆ ಇದು! ಎಲ್ಲರೂ ಒಟ್ಟಿಗೆ ಹೋಗುದು ಅಂತ ಇತ್ತಲ್ಲ? ನೀವು ಮಾತ್ರ ಬೇರೆ ಯಾಕೆ?”

ಹಬ್ಬದ ಪಿಕ್ನಿಕ್ಕಿನ ಮಾತಿರಬೇಕೆಂದುಕೊಂಡು ಮಡಿವಾಳಪ್ಪ ಸುಮ್ಮನೆ ತಲೆಯಾಡಿಸಿದ.

“ನಮ್ಮದೇ ತಪ್ಪು” ಎಂದು ಅವಳು ಮೂಗೊರೆಸಿಕೊಂಡಳು. “ಪ್ರತಿ ಶುಕ್ರವಾರ ಕಾಂಪೌಂಡಿನವರಿಗೆಲ್ಲ ಒಟ್ಟಿಗೆ ಊಟ. ನಿಮಗೆ ಅಂತ ಬೇರೆ ಪಾತ್ರೆಯಲ್ಲಿ ತರಕಾರಿ ಕುರ್ಮ ಮಾಡಿ ಇಡುದು. ಒಂದು ದಿನ ಬಂದಿದ್ದೀರಾ?”

ಬಂದಿರಲಿಲ್ಲ. ಬಿರಿಯಾನಿಯ ಹಂಡೆ ಇರುವ ಪಂಕ್ತಿಗೆ ಹೇಗೆ ಹೋಗುವುದೆಂದು ಅವನು ಪ್ರತಿ ಶುಕ್ರವಾರ ಬಾಗಿಲು ಹಾಕಿಕೊಂಡು ಒಬ್ಬನೇ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದ. ಬೇರೆ ಪಾತ್ರೆಯ ವಿಷಯ ಇವತ್ತೇ ಗೊತ್ತಾಗಿದ್ದು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಅವಳು ಬಡಿಸಿದ ನೀರುದೋಸೆಯನ್ನು ಲೆಕ್ಕವಿಲ್ಲದೆ ತಿಂದ.

ತಗಡಿನ ಗೋಡೆಯಿಂದಾಗಿ ಸುದ್ದಿಯನ್ನು ಪ್ರೀತಮನಿಗೆ ಬೇರೆ ಹೇಳಬೇಕಾಗಲಿಲ್ಲ. ಮಡಿವಾಳಪ್ಪ ಮನೆಗೆ ಬರುವಷ್ಟರಲ್ಲಿ ಅವನು ವಾಷಿಂಗ್ ಮಷಿನ್ನಿನ ಪೈಪು ಬಿಚ್ಚುತ್ತಿದ್ದ.

“ಕಂಪನಿ ಮನಿ ಅಂದ್ರ ಎಲ್ಲಾ ಸಾಮಾನು ಅವ್ರs ಕೊಡ್ತಾರಲ್ರಿ ಅಣ್ಣಾರ. ಇದನ್ನೇನ್ ಹೊತ್ಕೊಂಡ್ ಹೊಕ್ಕೀರಿ?”

ಇಲ್ಲ ಎಂದರೆ ಸುಳ್ಳು ಬಯಲಾಗುತ್ತದೆ. ಮಡಿವಾಳಪ್ಪ, “ತಗೋಳ್ಳಪಾ” ಎಂದ. ಆಮೇಲೆ ತಡೆಯಲು ಆಗಲಿಲ್ಲ. ಬಿಟ್ಟು ಹೋಗುವವನು ಸಾಮಾನು ಹಂಚಿ ಹೋಗುವುದು ಇಲ್ಲಿನ ಪದ್ಧತಿ. ಎರಡನೇ ಪೋರ್ಟಾದವರು ಮಂಚ ಒಯ್ದರು. ಐದನೆಯವರು ಕುಕ್ಕರ್ ಒಯ್ದು, ಮುಚ್ಚಳಕ್ಕೆ ಮತ್ತೆ ಬಂದರು. ನೀಲಮ್ಮನಿಗೆಂದು ಆರಿಸಿ ತಂದಿದ್ದ ಹೂವಿನ ಪರದೆಯನ್ನು ಬೀಫಾತಿಮಳೇ ನೆನಪಿಗೆಂದು ಕೇಳಿದಾಗ ಅವನು ಅದನ್ನು ಒಮ್ಮೆ ಬಿಚ್ಚಿ ನೋಡಿದ. ಆದರೂ ಕೊಟ್ಟ.

ಮಧ್ಯಾಹ್ನ ಅನ್ಸಿಫ್ ಫೋನ್ ಮಾಡಿದ.

“ಸರ್, ಆ ಮನುಷ್ಯ ಇನ್ನೂ ನೋಟಿಸ್ ಕೊಡ್ಲಿಲ್ಲ. ನನಗೂ ಟೆನ್ಶನ್.”

ಮಡಿವಾಳಪ್ಪನಿಗೆ ರೇಗಿತು. ಹೊರಗೆ ಹೋಗಿ, ಗೋಡೆಗಳಿಂದ ದೂರ ನಿಂತು ಹೇಳಿದ: “ಎಂಥಾ ಮನಷ್ಯಾನ್ರೀ ಅವ? ಬಿಡಾವ ಇದ್ರ ಹೊತ್ತಿಗೆ ಸರಿಯಾಗಿ ಹೇಳಾಕ ಬರಂಗಿಲ್ಲೇನು? ಅವನ ಸಲುವಾಗಿ ಇನ್ನೊಬ್ರ ಸಂಸಾರ ಬೀದ್ಯಾಗ ನಿಂದರಬೇಕೇನು? ತಿಳಿಗೇಡಿ!”

“ಹೇಳ್ತೇನೆ ಸರ್” ಎಂದ ಅನ್ಸಿಫ್.

ಸಂಜೆ ಸಾಕ್ಷಿಗಳಿಬ್ಬರನ್ನೂ ಹೊರಡಿಸಿಕೊಂಡು ಹೋದರೆ ಅಂಗಡಿ ಮುಚ್ಚಿತ್ತು. ಹುಡುಕಿದರು. ಕಾಕ ಕಾಂಪೌಂಡಿನ ಹಿಂದೆ, ಕೈಯಲ್ಲಿ ಟೇಪು ಹಿಡಿದು ಒಂದೊಂದೇ ಪೋರ್ಟಾದ ಉದ್ದ ಅಳೆಯುತ್ತಿದ್ದ. ಸೂರ್ಯ ಮುಳುಗುತ್ತಿದ್ದ. ಮಡಿವಾಳಪ್ಪ ಅವನ ಕೈ ಹಿಡಿದು ಎಳೆದುಕೊಂಡೇ ಬಂದ. ಸುಲೈಮಾನಿ ಕುದಿಯಲು ತಡವಾಯಿತು, ಬೀಫಾತಿಮ ಪುದೀನ ಹಾಕಬೇಕೆಂದಳು, ಪ್ರೀತಮ ಸಕ್ಕರೆ ಸಾಲದೆಂದ. ಮಡಿವಾಳಪ್ಪ ನಾಲಿಗೆ ಸುಟ್ಟುಕೊಂಡು ಒಂದೇ ಗುಟುಕಿಗೆ ಕುಡಿದು, “ಏಳನೇ ಪೋರ್ಟಾ ಬಿಡ್ತೀನ್ರಿ ಕಾಕಾ!” ಎಂದ. ಅವನ ಮಾತು ಮುಗಿದದ್ದೇ ಬಾಂಗು ಕೇಳಿಸಿತು.

“ಖಲಾಸ್. ಒಪ್ಪಿದೆ” ಎಂದ ಕಾಕ. ಮಡಿವಾಳಪ್ಪನ ಜೀವ ಹಗುರವಾಯಿತು.

ಕಾಕ ನಮಾಜು ಮುಗಿಸಿ ಬಂದು ಫೋನ್ ಕಿವಿಗಿಟ್ಟು, ಯಾರಿಗೋ, “ನೋಟಿಸ್ ಬಂತು. ನಿನ್ನ ಪಾರ್ಟಿಗೆ ಹೇಳು” ಎಂದಷ್ಟೇ ಹೇಳಿ ಇಟ್ಟ. ಒಂದು ನಿಮಿಷದಲ್ಲಿ ಮಡಿವಾಳಪ್ಪನ ಫೋನ್ ಕುಣಿಯಿತು.

“ಕಂಗ್ರಾಟ್ಸ್ ಸರ್! ಆ ತಿಳಿಗೇಡಿ ಕೊನೆಗೂ ಕೊಟ್ಟ. ನಿಮ್ಮದು ಏಳನೇ ನಂಬರ್. ಶುಕ್ರವಾರ ಟ್ರೇಲರ್ ಮೇಲೆ ಬರ್ತದೆ.”

ಮಡಿವಾಳಪ್ಪ ಫೋನನ್ನೂ ಕಾಕನನ್ನೂ ನೋಡಿದ. “ಕಾಕಾ, ಅನ್ಸಿಫ್ ಅಂದ್ರ...”

“ನನ್ನ ತಂಗಿಯ ಮಗ. ಯಾಕೆ?”

“ಈ ಟ್ರೇಲರು...”

“ಈ ಜಾಗ ಮಾಲೀಕರಿಗೆ ಬೇಕಂತೆ. ಪೋರ್ಟಾಗಳನ್ನೆಲ್ಲ ಎತ್ತಿ ಸಿಲಿಕಾನ್ ಓಯಸಿಸ್ ಆಚೆ ಇಡುದು. ಶುಕ್ರವಾರದ ಊಟದಲ್ಲಿ ಎಲ್ಲರಿಗೂ ಹೇಳಿದ್ದೆ” ಎಂದ ಕಾಕ. “ಊಟಕ್ಕೇ ಬಾರದವರು ಅಲ್ಲಿಗೆ ಬರ್ಲಿಕ್ಕಿಲ್ಲ ಅಂತ ನನಗೆ ಸಂಶಯ ಇತ್ತು. ಅದಕ್ಕೇ ಒಂದು ಪಾರ್ಟಿ ನೋಡಿ ಇಡು ಅಂತ ಹುಡುಗನಿಗೆ ಹೇಳಿದ್ದು.”

“ಆ ಪಾರ್ಟಿ ನಾನs ರೀ ಕಾಕಾ!”

ಕಾಕನ ಮುಖ ಅರಳಿತು. “ಅಲ್ಹಮ್ದುಲಿಲ್ಲಾ! ಗುರುತಿನವರೇ ಸಿಕ್ಕಿದರು.”

“ಹಂಗಾದ್ರ ನೋಟಿಸ್ ವಾಪಸ್ ತಗೋತೀನ್ರಿ. ಹಳೇ ಬಾಡಿಗಿ ಇರಲಿ.”

“ಅದು ಆಗ್ಲಿಕ್ಕಿಲ್ಲ. ಹಳೇ ಬಾಡಿಗೆಯವರು ಸುಲೈಮಾನಿ ಕುಡಿದು, ಇಬ್ಬರ ಎದುರು ಬಿಟ್ಟು ಹೋದರಲ್ಲ. ಹೊಸಬರಿಗೆ ಹೊಸ ಬಾಡಿಗೆ.”

“ಗ್ವಾಡಿಗೆ ಗ್ವಾಡಿ ತಾಗಸಂಗಿಲ್ಲಲ್ರೀ ಅಲ್ಲಿ?”

“ಸಾಲು ಬದಲಿಸುದಿಲ್ಲ. ಇಲ್ಲಿ ಹೇಗೋ ಅಲ್ಲಿಯೂ ಹಾಗೆಯೇ.”

ಮಡಿವಾಳಪ್ಪ ಮನೆಗೆ ಬಂದು ಬರಿನೆಲದ ಮೇಲೆ ಕೂತ. ಮಂಚವಿಲ್ಲ, ಪರದೆಯಿಲ್ಲ, ಮುಚ್ಚಳ ಸಮೇತ ಕುಕ್ಕರಿಲ್ಲ. ಕೊಟ್ಟದ್ದನ್ನು ವಾಪಸ್ ಕೇಳುವ ಮುಖವೂ ಇಲ್ಲ. ಅಷ್ಟರಲ್ಲಿ ನೀಲಮ್ಮನ ಫೋನ್ ಬಂತು.

“ಹೊಸಾ ಮನಿ ಗಟ್ಟಿ ಆತೇನ್ರಿ?”

“ಆತು” ಎಂದ ಮಡಿವಾಳಪ್ಪ, ಆದಷ್ಟು ಸಣ್ಣ ದನಿಯಲ್ಲಿ.

“ಅಕ್ಕಪಕ್ಕದ ಮಂದಿ ಹೆಂಗ ಅದಾರ?”

ಮಡಿವಾಳಪ್ಪ ಬಾಯಿ ತೆರೆಯುವ ಮೊದಲೇ ಬಲಗಡೆಯ ಗೋಡೆ ಮಾತಾಡಿತು.

“ಒಳ್ಳೆಯವರು ಅಂತ ಹೇಳಿ ಮಾರಾಯ್ರೆ!”