ಭಾವ ಮತ್ತು ಹಿಮ ಎಸೆಯುವ ಯಂತ್ರ

ಹೊಸೂರಿನಿಂದ ಕೃಷ್ಣಗಿರಿಯವರೆಗೆ ಹುಡುಕಿದರೂ ಹಿಮದ ವಿಷಯದಲ್ಲಿ ನಮ್ಮ ಭಾವನನ್ನು ಮೀರಿಸುವವರು ಸಿಗಲಾರರು. ಒಣ ಹಿಮ ಯಾವುದು, ಹಸಿ ಹಿಮ ಯಾವುದು, ಯಾವುದು ಯಂತ್ರದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲ ಬಾಯಿಪಾಠ. ಒಂದೇ ಒಂದು ಕೊರತೆ. ಅವರು ಹಿಮವನ್ನು ನೋಡಿಲ್ಲ! ತಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ರಾಗಿ ಹೊಲದಲ್ಲಿ ಬೆಳೆದ ಮನುಷ್ಯ. ಅವರು ಕಂಡ ದೊಡ್ಡ ಚಳಿ ಎಂದರೆ ಮಾಗಿಯ ಮಂಜು, ಅದೂ ಎಂಟು ಗಂಟೆಯ ಬಸ್ಸು ಬರುವಷ್ಟರಲ್ಲಿ ಕರಗಿಹೋಗುತ್ತದೆ.

ಅವರನ್ನು ನೆನೆದರೆ ನನಗೆ ಮೊದಲು ಬರುವುದು ಕೋಪ. ಬರಬಾರದೇಕೆ? ಅವರಿಗೆ ಆ ಕೆಲಸ ಕೊಡಿಸಿದವನೇ ನಾನು! ಸೂಳಗಿರಿ ಹತ್ತಿರ ಹಿಮ ಎಸೆಯುವ ಯಂತ್ರ ಮಾಡಿ ಚಳಿ ದೇಶಗಳಿಗೆ ಕಳಿಸುವ ಒಂದು ಸಣ್ಣ ಕಾರ್ಖಾನೆ ಇದೆ. ಸ್ನೋ ಬ್ಲೋವರ್ ಅನ್ನುತ್ತಾರೆ. ನೋಡಲು ನಮ್ಮ ಟಿಲ್ಲರಿನಂತೆ ಇರುತ್ತದೆ. ಮುಂದೆ ಸುರುಳಿ ಬ್ಲೇಡು, ಮೇಲೆ ಬಗ್ಗಿದ ಕೊಳವೆ. ಬಿರುಗಾಳಿ ಬೀಸಿ ಬಾಗಿಲ ಮುಂದೆ ಹಿಮ ಬಿದ್ದರೆ ಬ್ಲೇಡು ಒಳಗೆಳೆದುಕೊಳ್ಳುತ್ತದೆ, ಕೊಳವೆ ದೂರ ಎಸೆಯುತ್ತದೆ. ಆ ಕಾರ್ಖಾನೆಯ ಮ್ಯಾನೇಜರ ಮಗಳು ನಾನು ಪಾಠ ಹೇಳುವ ಹೊಸೂರಿನ ಶಾಲೆಯಲ್ಲಿ ಓದುತ್ತಿದ್ದಳು. "ನಮ್ಮಕ್ಕನ ಗಂಡ ಸಾರ್, ಬಹಳ ಪ್ರಾಮಾಣಿಕ" ಎಂದು ಬಾಯಿ ಬಿಟ್ಟೆ. ಟೆಸ್ಟಿಂಗ್ ವಿಭಾಗಕ್ಕೆ ಸೇರಿಸಿಕೊಂಡರು. ಆ ಒಂದು ಮಾತಿಗೆ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ಇಲ್ಲಿ ಹಿಮ ಎಲ್ಲಿಂದ ತರುವುದು? ಸಾಮಿಲ್ಲಿನಿಂದ ಮರದ ಹೊಟ್ಟು ತರಿಸಿ, ನೀರು ಹಾಕಿ ಕಲಸಿ, ಅದನ್ನೇ ಹಿಮ ಎಂದುಕೊಂಡು ಯಂತ್ರಕ್ಕೆ ತಿನ್ನಿಸಬೇಕು. ಬೇರೆಯವರು ಹಾಗೆಯೇ ಮಾಡಿ ಸಂಬಳ ತೆಗೆದುಕೊಂಡು ಸುಖವಾಗಿದ್ದರು. ನಮ್ಮ ಭಾವನಿಗೆ ಅನುಮಾನ, ಹೊಟ್ಟು ನಿಜವಾಗಿ ಹಿಮದ ಹಾಗೆ ಇದೆಯೇ ಎಂದು! ಒಂದು ಭಾನುವಾರ ನಮ್ಮ ಮನೆಗೆ ಬಂದವರು ಫ್ರಿಜ್ಜಿನ ಮೇಲಿನ ಗೂಡನ್ನು ತೆರೆದು, ಚಮಚದಿಂದ ಮಂಜುಗಡ್ಡೆಯ ಪುಡಿ ಕೆರೆದು ಅಂಗೈಯಲ್ಲಿ ಉಂಡೆ ಕಟ್ಟುತ್ತಾ ಕೂತರು. ಒಂದು ಗಂಟೆ ಬಾಗಿಲು ಹಾಗೆಯೇ ತೆರೆದಿತ್ತು. ಹಾಲು ಒಡೆಯಿತು, ನನ್ನ ಹೆಂಡತಿಯ ಮುಖ ಊದಿತು. "ಹೊಟ್ಟಿಗೆ ಇನ್ನೊಂದ್ ಚೆಂಬು ನೀರ್ ಬೇಕು ಕಣ್ಲಾ" ಎಂದು ಭಾವ ಸಂತೋಷದಿಂದ ಎದ್ದು ಹೋದರು. ಒಡೆದ ಹಾಲಿನ ಬಗ್ಗೆ ಒಂದು ಮಾತಾದರೂ ಬೇಡವೇ?

ನೆಂಟರ ಮನೆಯ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದವನಿಗೆ ಭಾವನ ಪಾಠ ಶುರುವಾಯಿತು. ಆತ ತಳಿಯಲ್ಲಿ ಗುಲಾಬಿ ಬೆಳೆಯುವ ರೈತ.

"ನೋಡಣ್ಣ, ಅಂಗಳ ಚಿಕ್ಕದಾದ್ರೆ ಚಿಕ್ಕ ಮಷೀನ್ ಸಾಕು. ಹಿಮ ಮಂಡಿವರ್ಗೂ ಬೀಳೋ ಜಾಗ ಆದ್ರೆ ಎಸೆಯೋಕೆ ಇನ್ನೊಂದ್ ಚಕ್ರ ಬೇರೆ ಇರೋ ದೊಡ್ಡದೇ ಬೇಕು. ನೆಲದಾಗೆ ಜಲ್ಲಿ ಇದ್ರೆ ಬ್ಲೇಡ್ ಒಸಿ ಮೇಲಕ್ಕೆ ಎತ್ತಿಕೋಬೇಕು, ಇಲ್ಲಾಂದ್ರೆ ಕಲ್ಲು ಹಾರ್ತವೆ."

ರೈತ ಪಾಯಸ ಬಿಟ್ಟು ಕೇಳಿದ. "ಎಲ್ಲಿ ಸಿಗ್ತದಣ್ಣ? ನಾನೂ ಒಂದು ತಗೊಂಡ್ಬಿಡ್ತೀನಿ."

"ನಿಂಗ್ಯಾಕಪ್ಪಾ? ನಿಮ್ಮೂರಾಗೆ ಹಿಮ ಬೀಳ್ತದಾ?" ಎಂದು ಭಾವ ಅವನನ್ನೇ ಗದರಿದರು!

ಸ್ಕೂಟರಿನ ಕಥೆಯನ್ನು ಹೇಳುವಾಗ ಈಗಲೂ ನನ್ನ ರಕ್ತ ಕುದಿಯುತ್ತದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಅದನ್ನು ಅವರ ಹಟ್ಟಿಯಲ್ಲಿ ಬಿಟ್ಟಿದ್ದೆ. ಶಾಲೆ ತೆರೆಯುವ ದಿನ ಬೆಳಗ್ಗೆ ಒದ್ದೆ, ಒದ್ದೆ, ಕಾಲು ನೋಯುವವರೆಗೆ ಒದ್ದೆ. ಭಾವ ಹಲ್ಲುಜ್ಜುತ್ತಾ ಬಂದರು.

"ಪೆಟ್ರೋಲ್ ಇಲ್ವಲ್ಲಾ ಅದ್ರಾಗೆ. ನಾನೇ ಬಸಿದುಬುಟ್ಟೆ. ಸೀಜನ್ ಮುಗಿದ್ಮೇಲೆ ಪೆಟ್ರೋಲ್ ಒಳಗೇ ಬಿಟ್ರೆ ಕಾರ್ಬೊರೇಟರಾಗೆ ಅಂಟು ಕಟ್ಕೋತದೆ. ಪ್ಲಗ್ಗೂ ಬಿಚ್ಚಿ ಎಣ್ಣೆ ಸವ್ರಿ ಮಡಗಿವ್ನಿ."

"ಭಾವ, ಇದು ಸ್ಕೂಟರು! ಇದಕ್ಕೆಂಥ ಸೀಜನ್ನು?"

"ಎಂಜಿನ್ ಅಂದ್ಮೇಲೆ ಎಲ್ಲಾ ಒಂದೇ ಕಣ್ಲಾ!"

ಶಾಲೆಯ ಹೊಸ ವರ್ಷದ ಮೊದಲ ದಿನವೇ ಮೇಷ್ಟ್ರು ಬೆವರು ಸುರಿಸುತ್ತಾ ತಡವಾಗಿ ಬಂದರೆ ಮಕ್ಕಳಿಗೆ ಎಂಥ ಹಬ್ಬ!

ಇಷ್ಟನ್ನೂ ಸಹಿಸಿದ್ದೆ. ಆದರೆ ಹೋದ ಮಳೆಗಾಲದ ಒಂದು ಶನಿವಾರ ಮ್ಯಾನೇಜರ ಫೋನು ಬಂತು. "ಸಾರ್, ಉಂಗ ಮಚ್ಚಾನ್ ಸೈನ್ ಪೋಡ ಮಾಟೇಂಗ್ರಾರು!" ಯಂತ್ರ ಸರಿಯಿದೆ ಎಂಬ ಕಾಗದಕ್ಕೆ ಭಾವ ಸಹಿ ಹಾಕುವುದಿಲ್ಲ ಎಂದು ಕೂತಿದ್ದಾರಂತೆ. ಹಡಗಿಗೆ ಹೋಗಬೇಕಾದ ಯಂತ್ರಗಳು ಸಾಲಾಗಿ ನಿಂತಿವೆ, ಲಾರಿ ಕಾಯುತ್ತಿದೆ. ಸಂಜೆಯೊಳಗೆ ಸಹಿ ಹಾಕದಿದ್ದರೆ ಕೆಲಸ ಬಿಟ್ಟು ಹೋಗಲಿ, ನೀವೇ ಬಂದು ಬುದ್ಧಿ ಹೇಳಿ ಎಂದರು. ನನಗೆ ಅಕ್ಕನ ಮುಖ ಕಣ್ಣೆದುರು ಬಂತು. ಆ ಸಂಬಳ ನಿಂತರೆ ಮನೆ ನಡೆಯುವುದು ಹೇಗೆ? ಹೆದ್ದಾರಿಯ ಉದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತಾ ಹೋದೆ.

ಭಾವ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಎಲ್ಲರ ಎದುರಿಗೇ ಕೂಗಾಡಿದೆ. "ನಿಮಗೇನು ಹುಚ್ಚಾ ಭಾವ? ಯಾವುದೋ ದೇಶದ, ಯಾರದೋ ಮನೆಯ ಹಿಮ! ನಿಮ್ಮ ಮನೆ ಒಲೆ ಆರಿಸಿಕೊಂಡು ಅದನ್ನು ಕಾಯ್ತೀರಾ?"

ಭಾವ ಎದ್ದರು. ಎಂಜಿನ್ ಚಾಲೂ ಮಾಡಿ ಹಿಡಿಯ ಲಿವರನ್ನು ಅದುಮಿದರು, ಬ್ಲೇಡು ಗರಗರ ತಿರುಗಿತು. ಕೈ ಬಿಟ್ಟರು. ಬಿಟ್ಟ ಕೂಡಲೇ ನಿಲ್ಲಬೇಕು. ಭಾವ ಗಟ್ಟಿಯಾಗಿ ಎಣಿಸತೊಡಗಿದರು. ಏಳರವರೆಗೆ ಎಣಿಸಿದರೂ ಅದು ತಿರುಗುತ್ತಲೇ ಇತ್ತು. ರಾಗಿ ಹುಲ್ಲು ತುಂಬಿದ ಒಂದು ಕೈಗವಸನ್ನು ಕೊಳವೆಯೊಳಗೆ ಇಳಿಬಿಟ್ಟರು. ಚೂರುಚೂರಾಗಿ ಆಚೆ ಬಿತ್ತು.

"ಹಸಿ ಹಿಮ ಸಿಕ್ಕೊಂಡ್ರೆ ಜನ ಲಿವರ್ ಬಿಟ್ಟು ಕೈ ಹಾಕ್ತಾರೆ ಕಣ್ಲಾ. ನಿಂತದೆ ಅಂದ್ಕೊಂಡು."

"ಕೈ ಹಾಕಬಾರದು ಅಂತ ಅದರ ಮೇಲೇ ಬರೆದಿದೆಯಲ್ಲ!" ನನ್ನ ಕೋಪ ಇನ್ನೂ ಇಳಿದಿರಲಿಲ್ಲ. "ಒಂದು ಸಹಿ ಭಾವ, ಒಂದೇ ಒಂದು ಸಹಿ!"

ಅವರು ಕಾಗದವನ್ನು ನನ್ನ ಮುಂದೆ ಹಿಡಿದರು. ಲಿವರ್ ಬಿಟ್ಟಾಗ ಯಂತ್ರ ನಿಂತಿತೇ ಎಂಬ ಸಾಲಿನ ಮೇಲೆ ಬೆರಳಿಟ್ಟರು. ದನಿ ತಗ್ಗಿತು.

"ನಮ್ಮವ್ವಂಗೆ ಬಲಗೈಯಾಗೆ ಎಲ್ಡೇ ಬೆರಳು. ಹೆಂಗಾಯ್ತು ಅಂತ ನೀನ್ಯಾವತ್ತೂ ಕೇಳ್ಲಿಲ್ಲ. ನಾನು ಇಸ್ಕೂಲ್ಗೆ ಹೋಗ್ತಿದ್ದೆ ಆವಾಗ. ಮೇವು ಕತ್ರಿಸೋ ಮಷೀನಾಗೆ ಕಡ್ಡಿ ಸಿಕ್ಕೊಂತು. ನಾನೇ ಸ್ವಿಚ್ ಆಫ್ ಮಾಡ್ದೆ. 'ನಿಂತೋಯ್ತಾ ಮಗಾ?' ಅಂತ ಕೇಳಿದ್ಲು. ತಿರುಗಿ ನೋಡ್ದಂಗೇ 'ನಿಂತೋಯ್ತು ಕಣವ್ವಾ' ಅಂದ್ಬುಟ್ಟೆ."

ನಾನು ಕಾಗದದಿಂದ ಕಣ್ಣೆತ್ತಿದೆ. ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. "ಹೇಳಿದ್ರಾ ಸಾರ್?" ಎಂದರು.

"ಅದು ನಿಲ್ತಿಲ್ಲ ಸಾರ್" ಎಂದೆ. ಅರ್ಥವಾಗಲಿಲ್ಲವೇನೋ ಎಂದು ತಮಿಳಿನಲ್ಲೂ ಹೇಳಿದೆ. "ಮೆಷಿನ್ ನಿಕ್ಕಲೆ, ಸಾರ್."

ಸೋಮವಾರದಿಂದ ಬರಬೇಡಿ ಎಂದು ಮ್ಯಾನೇಜರು ಭಾವನಿಗೆ ಹೇಳಿದರು. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರ ಊರಿಗೆ ಬಂದೆ. ಜಗಲಿಯ ಮೇಲೆ ಅವರ ಅವ್ವ ಅಲಸಂದೆಕಾಯಿ ಬಿಡಿಸುತ್ತಿದ್ದರು. ಎಡಗೈಯಲ್ಲಿ ಹಿಡಿದು, ಬಲಗೈಯ ಆ ಎರಡು ಬೆರಳಲ್ಲಿ ಸೀಳುತ್ತಿದ್ದರು. ಇಷ್ಟು ವರ್ಷ ಆ ಕೈ ಬಡಿಸಿದ್ದನ್ನು ಉಂಡಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

"ಯಾಕ್ ಮಗಾ, ಇಷ್ಟ್ ಬೇಗ ಬಂದ್ಬುಟ್ಟೆ?"

"ಕೆಲ್ಸ ಹೋಯ್ತು ಕಣವ್ವಾ."

"ಏನ್ಮಾಡ್ದೆ?"

"ಮಷೀನ್ ನಿಂತದೆ ಅಂತ ಬರಿ ಅಂದ್ರು. ನಿಂತಿಲ್ಲ ಅಂದೆ."

ಮುದುಕಿ ಮೊರವನ್ನು ಪಕ್ಕಕ್ಕಿಟ್ಟರು. ಆ ಬಲಗೈಯನ್ನೇ ಮಗನ ತಲೆಯ ಮೇಲಿಟ್ಟು, "ಒಳ್ಳೇದ್ ಮಾಡ್ದೆ ಬಿಡು ಮಗಾ" ಎಂದರು. ಐವತ್ತು ದಾಟಿದ ನಮ್ಮ ಭಾವ ಅಲ್ಲೇ ಕುಸಿದು ಕೂತು, ಅವ್ವನ ಮಡಿಲಲ್ಲಿ ಮುಖ ಹುದುಗಿಸಿ ಮಗುವಿನ ಹಾಗೆ ಅತ್ತರು. ನಾನೂ ಅತ್ತೆ.