ಚಿಕ್ಕಮ್ಮ ಹೆರಿಗೆ ಮಾಡಿಸಿದ ಎಂಪಿ

ನಮ್ಮ ಚಿಕ್ಕಮ್ಮನಿಗೆ ರಾಜಕಾರಣಿಗಳೆಂದರೆ ಲವಲೇಶವೂ ಭಯವಿಲ್ಲ. ಯಾಕಿರಬೇಕು ಹೇಳಿ? ಬ್ರಿಟನ್ನಿನ ಒಬ್ಬ ಎಂಪಿಯನ್ನು ಅವರು ಕಾಲು ಹಿಡಿದು ತಲೆಕೆಳಗು ಮಾಡಿ, ಬೆನ್ನಿಗೆ ತಟ್ಟಿ ಅಳಿಸಿದ್ದಾರೆ! ಗಾಬರಿಯಾಗಬೇಡಿ. ಆಗ ಎಂಪಿಯವರ ವಯಸ್ಸು ಅರ್ಧ ನಿಮಿಷ.

ಚಿಕ್ಕಮ್ಮ ಉಡುಪಿಯವರು. ಮದುವೆಯಾಗಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಉತ್ತರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ನರ್ಸ್ ಆಗಿ ನಿವೃತ್ತಿಯವರೆಗೂ ದುಡಿದರು. ಆ ಊರಿನ ಅರ್ಧ ಜನ ಭೂಮಿಗೆ ಬಂದದ್ದೇ ಅವರ ಕೈಯಿಂದ ಎನ್ನುತ್ತಾರೆ. ಉಳಿದರ್ಧ ಜನ ಅವರ ರಜೆಯ ದಿನ ಹುಟ್ಟಿದ ಅವಿವೇಕಿಗಳಂತೆ! ಚಿಕ್ಕಪ್ಪ ತೀರಿಕೊಂಡ ಮೇಲೆ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿರುವ ಮಗಳ ಮನೆಗೆ ಬಂದರು. ಇಲ್ಲಿ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕಿತು, ಆದರೆ ಪಾಸ್‌ಪೋರ್ಟು ಬ್ರಿಟನ್ನಿನದೇ ಉಳಿಯಿತು. ಹಾಗಾಗಿ ವಾಸ ಇಲ್ಲಿ, ಓಟು ಅಲ್ಲಿ.

ಆಸ್ಟ್ರೇಲಿಯಾದಲ್ಲಿ ಓಟು ಹಾಕದಿದ್ದರೆ ದಂಡ. ಅದಕ್ಕೆ ಹೆದರಿ ಜನ ಗೊಣಗುತ್ತಾ ಮತಗಟ್ಟೆಗೆ ಹೋದರೆ, ಓಟೇ ಇಲ್ಲದ ಚಿಕ್ಕಮ್ಮ ಮದುವೆಗೆ ಹೊರಟವರಂತೆ ಸೀರೆಯುಟ್ಟು ಮಗಳ ಜೊತೆ ಹೊರಡುತ್ತಿದ್ದರು. ಒಮ್ಮೆ ಮತಗಟ್ಟೆಯಾಗಿದ್ದ ಶಾಲೆಯ ಗೇಟಿನಲ್ಲಿ ಯಾವುದೋ ಪಕ್ಷದ ಸ್ವಯಂಸೇವಕನೊಬ್ಬ ಹಲ್ಲೆಲ್ಲ ತೋರಿಸಿ ಕರಪತ್ರ ಚಾಚಿದ. ಇವರು ತಮಗೆ ಓಟಿಲ್ಲ ಎಂದರು. ಆತ ಕರಪತ್ರವನ್ನೂ ನಗುವನ್ನೂ ಒಟ್ಟಿಗೇ ಹಿಂತೆಗೆದುಕೊಂಡ. ಚಿಕ್ಕಮ್ಮ ಬಿಡುತ್ತಾರೆಯೇ? "ಕಾಗದ ಇಟ್ಕೊಳ್ಳಪ್ಪ. ನಗುವನ್ನು ಯಾಕೆ ವಾಪಸ್ ತಗೊಂಡೆ?" ಎಂದು ಅಲ್ಲೇ ವಿಚಾರಣೆ ಶುರುಮಾಡಿದರು. ಪಾಪ, ಆತ ಪಕ್ಕದ ಸ್ಟಾಲಿನಿಂದ ಕೇಕ್ ತಂದುಕೊಟ್ಟು ತಪ್ಪಿಸಿಕೊಂಡನಂತೆ.

ಇಂತಹ ಚಿಕ್ಕಮ್ಮನಿಗೆ ಹಿಂದಿನ ಬ್ರಿಟಿಷ್ ಚುನಾವಣೆಯ ಹೊತ್ತಿಗೆ ಒಂದು ಫೋಟೋ ಬಂತು. ಕಳಿಸಿದವರು ಐರಿನ್. ಇಂಗ್ಲೆಂಡಿನಲ್ಲಿ ಅವರ ಪಕ್ಕದ ಮನೆಯಾಕೆ, ಪ್ರಾಣದ ಗೆಳತಿ. ದೂರದಲ್ಲಿರುವ ಚಿಕ್ಕಮ್ಮನ ಪರವಾಗಿ ಮತಗಟ್ಟೆಗೆ ಹೋಗಿ ಓಟು ಹಾಕುವ ಪ್ರತಿನಿಧಿಯೂ ಅವರೇ. ಫೋಟೋದಲ್ಲಿ ಹೊಸ ಅಭ್ಯರ್ಥಿಯೊಬ್ಬ ಹಳೆಯ ಆಸ್ಪತ್ರೆಯ ಮುಂದೆ ನಿಂತಿದ್ದ. ಅಲ್ಲಿನ ಹೆರಿಗೆ ವಾರ್ಡು ಮುಚ್ಚುತ್ತಾರೆಂಬ ಸುದ್ದಿ ಆಗಲೇ ಇತ್ತು. "ನಾನು ಹುಟ್ಟಿದ ವಾರ್ಡನ್ನು ಮುಚ್ಚಲು ಬಿಡೆನು" ಎಂದು ಆತನ ಘೋಷಣೆ. ಚಿಕ್ಕಮ್ಮ ಹೆಸರು ಓದಿದವರೇ ಕುರ್ಚಿಯಿಂದ ಎದ್ದರು.

"ಇವನಾ! ಇವನ ಅಮ್ಮ ಇಡೀ ರಾತ್ರಿ ನನ್ನ ಕೈ ಹಿಂಡಿ ಹಿಪ್ಪೆ ಮಾಡಿದ್ಲು ಮಾರಾಯ! ಆ ಹೆಬ್ಬೆರಳು ಈಗ್ಲೂ ಸರಿ ಮಡಚುವುದಿಲ್ಲ!"

ಶುರುವಾಯಿತು ನೋಡಿ ಪ್ರಚಾರ! ಪೆಂಡಲ್ ಹಿಲ್‌ನ ಸೋಫಾದಲ್ಲಿ ಕೂತು, ತಾವು ಹೆರಿಗೆ ಮಾಡಿಸಿದ ಒಬ್ಬೊಬ್ಬ ತಾಯಿಗೂ ಫೋನು ಹಚ್ಚಿದರು. ಇವರಿಗೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಹುಡುಗ ಗೆದ್ದ. ಚಿಕ್ಕಮ್ಮ ಭಾರತೀಯರ ಅಂಗಡಿಗಳೇ ತುಂಬಿದ ಹ್ಯಾರಿಸ್ ಪಾರ್ಕ್ ಬಡಾವಣೆಯ ಮಿಠಾಯಿ ಅಂಗಡಿಗೆ ಹೋಗಿ ತಮ್ಮ ಉಡುಪಿ ಹಿಂದಿಯಲ್ಲಿ "ಹಮಾರಾ ಬಚ್ಚಾ ಎಂಪಿ ಬನ್ ಗಯಾ" ಎಂದರು. ಅಂಗಡಿಯವರು ಸ್ವಂತ ಮೊಮ್ಮಗನೆಂದೇ ತಿಳಿದು ಕೈಮುಗಿದು, ದೊಡ್ಡ ಡಬ್ಬದ ತುಂಬಾ ಜಿಲೇಬಿಯನ್ನು ಪುಕ್ಕಟೆ ಕೊಟ್ಟರು. ತಪ್ಪು ತಿದ್ದಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಬಿಸಿ ಇತ್ತು ಮಗ, ಮೊದಲು ತಿಂದೆ" ಎಂದರು.

ಆಮೇಲೆ ವಾರ್ಡು ಮುಚ್ಚಿತು. ಮೊದಲು ತಾತ್ಕಾಲಿಕ ಎಂದರು. ಆಮೇಲೆ ಬೋರ್ಡನ್ನೇ ಇಳಿಸಿದರು. ನಮ್ಮ ಎಂಪಿ ಬಾಯಿ ಬಿಡಲಿಲ್ಲ. ಚಿಕ್ಕಮ್ಮ ಮಾತ್ರ, "ಅವನ ಕೈ ಕಟ್ಟಿ ಹಾಕಿರ್ಬೇಕು. ಒಳ್ಳೆ ಮಗು ಅದು, ಹುಟ್ಟುವಾಗ್ಲೇ ಗೊತ್ತಾಗ್ತದೆ" ಎಂದು ವಾದಿಸುತ್ತಲೇ ಇದ್ದರು.

ಮತ್ತೆ ಚುನಾವಣೆ ಬಂತು. ವಿದೇಶದಲ್ಲಿರುವ ಮತದಾರರಿಗಾಗಿ ಆತ ಒಂದು ಶನಿವಾರ ಆನ್‌ಲೈನ್ ಸಭೆ ಇಟ್ಟುಕೊಂಡ. ಅಲ್ಲಿ ಬೆಳಿಗ್ಗೆ, ನಮಗೆ ಸಂಜೆ. ಆ ವಾರಾಂತ್ಯ ನಾನು ಮೆಲ್ಬರ್ನ್‌ನಿಂದ ಸಿಡ್ನಿಗೆ ಬಂದಿದ್ದೆ. ಚಿಕ್ಕಮ್ಮ ಲ್ಯಾಪ್‌ಟಾಪಿನ ಮುಂದೆ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಕೂತರು. ಅವರ ಸರದಿ ಬಂತು. ನಡೆದದ್ದು ಇಂಗ್ಲಿಷಿನಲ್ಲಿ, ಕೇಳಿಸಿದ್ದು ನನಗೆ ಹೀಗೆ:

"ನಿನ್ನನ್ನು ಹೊರಗೆ ಎಳೆದವಳು ನಾನು ಮಗಾ!"

"ಓ! ಎಂಥಾ ಸಂತೋಷದ ಸಂಗತಿ! ನಿಮ್ಮಂಥವರೇ ನಮ್ಮ ಊರಿನ ಹೃದಯ."

"ಹೃದಯ ಇರ್ಲಿ. ವಾರ್ಡು ಎಲ್ಲಿಗೆ ಹೋಯ್ತು?"

"ಬಹಳ ಒಳ್ಳೆಯ ಪ್ರಶ್ನೆ. ಸೇವೆ ನಿಂತಿಲ್ಲ. ಅದನ್ನು ದೊಡ್ಡ ಆಸ್ಪತ್ರೆಯ ಹತ್ತಿರಕ್ಕೆ ಒಯ್ದಿದ್ದೇವೆ."

"ದೊಡ್ಡ ಆಸ್ಪತ್ರೆಗೆ ಹತ್ತಿರ ಆಯ್ತು. ಹೊಟ್ಟೆ ಹೊತ್ತ ಹುಡುಗಿಗೆ?"

ಆತ ಧನ್ಯವಾದ ಹೇಳಿ, ನಕ್ಕು, ತನ್ನ ಮೈಕ್ ಆಫ್ ಮಾಡಿದ. ಮಾಡಿದೆನೆಂದುಕೊಂಡ! ಮರುಕ್ಷಣ ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದು ನಮಗೆಲ್ಲ ಸ್ಫಟಿಕದಷ್ಟು ಸ್ಪಷ್ಟವಾಗಿ ಕೇಳಿಸಿತು. "ಯಾರಪ್ಪಾ ಈ ಅಜ್ಜಿ? ವಾರ್ಡು ಮುಚ್ಚಿಯೇ ಮುಚ್ಚುತ್ತಾರೆ ಅಂತ ನನಗೆ ಅವತ್ತೇ ಗೊತ್ತಿತ್ತು. ಹೇಳಿದ್ದರೆ ಇವತ್ತು ನಾನು ಇಲ್ಲಿ ಕೂತಿರ್ತಿದ್ನಾ?"

ನನ್ನ ಬಾಯಲ್ಲಿದ್ದ ಕಾಫಿ ಬಾಯಲ್ಲೇ ಉಳಿಯಿತು. ತಂಗಿ, ಅಂದರೆ ಚಿಕ್ಕಮ್ಮನ ಮಗಳು, ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಪರದೆಯ ಮೇಲಿನ ಚೌಕಗಳಲ್ಲಿ ಸ್ಪೇನ್, ದುಬೈ, ಕೆನಡಾದ ಮುಖಗಳೆಲ್ಲ ಫೋಟೋದಂತೆ ನಿಂತವು. ನೆಟ್ ಹೋಯಿತೇನೋ ಎಂದುಕೊಂಡೆ. ಹೋಗಿರಲಿಲ್ಲ!

ಈಗ ಚಿಕ್ಕಮ್ಮ ಸಿಡಿಯುತ್ತಾರೆ, ಬ್ರಿಟನ್ ಅಲುಗಾಡುತ್ತದೆ ಎಂದು ನಾವು ಕಾದೆವು. ಅವರು ಬೈಯಲೇ ಇಲ್ಲ! ಅದು ನನಗೆ ಎಂಪಿಯ ಮಾತಿಗಿಂತಲೂ ದೊಡ್ಡ ಆಘಾತ. ಮೆತ್ತಗೆ ಲ್ಯಾಪ್‌ಟಾಪ್ ಮುಚ್ಚಿ, ಮುಡಿದ ಮಲ್ಲಿಗೆ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಅಜ್ಜಿ, ದೇ ಆಲ್ ಲೈ. ಇಟ್ಸ್ ಜಸ್ಟ್ ಪಾಲಿಟಿಕ್ಸ್" ಎಂದು ಮೊಮ್ಮಗಳು ಸಮಾಧಾನ ಹೇಳಲು ಬಂದಳು.

"ಸುಳ್ಳು ಹೇಳಿದ್ದು ಅವನು. ಫೋನು ಮಾಡಿದ್ದು ನಾನಲ್ವಾ ಮಗಳೇ?" ಎಂದರು ಚಿಕ್ಕಮ್ಮ. ಆಮೇಲೆ ಯಾರನ್ನೂ ಉದ್ದೇಶಿಸದೆ, "ಈ ಸಲ ನನ್ನ ಓಟು ಯಾರಿಗೂ ಇಲ್ಲ" ಎಂದರು. ಓಟಿಲ್ಲದ ದೇಶದಲ್ಲೂ ಮತಗಟ್ಟೆಗೆ ರೇಷ್ಮೆ ಸೀರೆ ಉಟ್ಟು ಹೋಗುವವರ ಬಾಯಲ್ಲಿ ಈ ಮಾತು!

ಚುನಾವಣೆಯ ವಾರ ಅವರು ಮೆಲ್ಬರ್ನ್‌ಗೆ, ಡಾಕ್‌ಲ್ಯಾಂಡ್ಸ್‌ನಲ್ಲಿರುವ ನನ್ನ ಅಪಾರ್ಟ್‌ಮೆಂಟಿಗೆ ಬಂದಿಳಿದರು. ಸಿಡ್ನಿಯಲ್ಲಿ ಟಿವಿ ಬಹಳ ಜೋರಂತೆ. ಬಂದವರೇ ನನ್ನ ಮನೆಯಲ್ಲಿ ಬ್ರಿಟನ್ನನ್ನು ನಿಷೇಧಿಸಿದರು. ಸುದ್ದಿ ಬಂದ್. ಟ್ರಾಮಿನಲ್ಲಿ ಪಕ್ಕದವರ ಫೋನಿನಲ್ಲಿ ಲಂಡನ್ ಪಾರ್ಲಿಮೆಂಟಿನ ಗಡಿಯಾರ ಕಂಡರೆ ಎದ್ದು ಬೇರೆ ಸೀಟಿಗೆ. ಅಡುಗೆಮನೆಯಲ್ಲಿ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಚಹಾದ ಡಬ್ಬಿ ಕೂಡ ಗೋಡೆಗೆ ಮುಖ ಮಾಡಿ ನಿಂತಿತ್ತು, ಶಾಲೆಯಲ್ಲಿ ಶಿಕ್ಷೆಗೊಳಗಾದ ಹುಡುಗನ ಹಾಗೆ!

"ಎದುರು ಪಕ್ಷದವರು ಇದ್ದಾರಲ್ಲ ಚಿಕ್ಕಮ್ಮ, ಅವರಿಗಾದರೂ ಹಾಕಬಹುದಲ್ವಾ?" ಎಂದು ಕೆಣಕಿದೆ.

"ಆ ನಾಯಕರ ಅಂಗಿ ನೋಡಿದ್ದೀಯಾ? ಎಲ್ಲರೂ ತೋಳು ಮಡಚಿಕೊಂಡೇ ಟಿವಿಗೆ ಬರ್ತಾರೆ. ಕೆಲಸ ಮಾಡಿದವರ ತೋಳು ಒದ್ದೆ ಇರ್ತದೆ ಮಾರಾಯ, ಕಲೆ ಇರ್ತದೆ. ಇವರದ್ದು ಇಸ್ತ್ರಿ ಹಾಕಿ ಮಡಚಿದ್ದು!"

ಮತದಾನದ ದಿನ ಗುರುವಾರ. ಅಲ್ಲಿ ಬೆಳಗಾಗಿ ಮತಗಟ್ಟೆ ತೆರೆಯುವ ಹೊತ್ತಿಗೆ ನಮಗೆ ಸಂಜೆ. ನಾನು ಆಫೀಸಿನಿಂದ ಬಂದಾಗ ಚಿಕ್ಕಮ್ಮ ಗೋಳಿಬಜೆ ಕರಿಯುತ್ತಿದ್ದರು. ಅವರ ಫೋನು ಬಡಿದುಕೊಳ್ಳುತ್ತಿತ್ತು. "ಐರಿನ್. ಎತ್ತಬೇಡ" ಎಂದರು. ನಾನು ಎತ್ತಿದೆ. ಏನು ಮಾಡಲಿ, ಆಕೆಯ ವಯಸ್ಸಿಗಾದರೂ ಮರ್ಯಾದೆ ಬೇಡವೇ?

ಪರದೆಯ ತುಂಬಾ ಮಳೆಕೋಟು. ಅದರೊಳಗೆ ಎಲ್ಲೋ ಐರಿನ್. ಚರ್ಚಿನ ಹಾಲ್‌ನ ಎದುರು, ನಡೆಯಲು ಆಸರೆಯ ವಾಕರ್ ಹಿಡಿದು ನಿಂತಿದ್ದರು.

"ಒಳಗೆ ಹೋದ ಮೇಲೆ ಫೋನ್ ಮಾಡೋ ಹಾಗಿಲ್ಲ. ಬೇಗ ಹೇಳು, ನಿನ್ನದು ಯಾರಿಗೆ?"

"ಯಾರಿಗೂ ಬೇಡ. ಮಳೆ ಬರ್ತಾ ಉಂಟು, ಮನೆಗೆ ಹೋಗು."

"ಈ ಸೊಂಟ ಹೊತ್ತುಕೊಂಡು ಇಷ್ಟು ದೂರ ಬಂದಿದ್ದೀನಿ. ತಿಂಗಳಿಂದ ನೀನು ಫೋನೂ ಎತ್ತುತ್ತಿಲ್ಲ. ಏನಾಗಿದೆ ನಿನಗೆ?"

ಚಿಕ್ಕಮ್ಮ ಒಲೆ ಆರಿಸಿದರು. ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ನಾನು ಹೇಳಿದೆ ಅಂತ ನೀನು ಅವನಿಗೆ ಓಟು ಹಾಕಿದೆ. ಕೊನೆಗೆ ನಿನ್ನ ಮೊಮ್ಮಗಳು ರಸ್ತೆ ಬದಿಯಲ್ಲಿ, ಆಂಬುಲೆನ್ಸಿನಲ್ಲಿ ಹೆತ್ತಳು. ವಾರ್ಡು ಇದ್ದಿದ್ರೆ ಮನೆಯಿಂದ ನಡ್ಕೊಂಡು ಹೋಗ್ಬಹುದಿತ್ತು. ನಿನ್ನತ್ರ ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ನಾನು ದಂಗಾದೆ. ಈ ಸಂಗತಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾವೆಲ್ಲ ಚಿಕ್ಕಮ್ಮನ ಮುನಿಸನ್ನು ಎಂಪಿಯ ಮೇಲಿನ ಸಿಟ್ಟೆಂದುಕೊಂಡಿದ್ದೆವು.

ಐರಿನ್ ಮಳೆಕೋಟಿನ ಟೋಪಿ ಹಿಂದೆ ಸರಿಸಿದರು.

"ಅವತ್ತು ಆಂಬುಲೆನ್ಸಿನಲ್ಲಿ ಅವಳ ಜೊತೆ ನಾನಿದ್ದೆ. ಹುಡುಗಿ ನಾಚಿಕೆಯಿಂದ ತುಟಿ ಕಚ್ಚಿಕೊಂಡಿದ್ದಳು. ಹಿಂದೆ ನನ್ನ ಹೆರಿಗೆಯಲ್ಲಿ ನೀನು ನನಗೆ ಹೇಳಿದ್ದನ್ನೇ ನಾನು ಅವಳಿಗೆ ಹೇಳಿದೆ: 'ಈಗ ಕಿರುಚು. ಮರ್ಯಾದೆಯನ್ನು ನಾಳೆ ನೋಡೋಣ.' ಕಿರುಚಿದಳು ನೋಡು! ಡ್ರೈವರ್ ಹೆದರಿ ಸೈರನ್ ಹಾಕಿದ."

ಚಿಕ್ಕಮ್ಮ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವನ ಮಾತನ್ನು ನಾನೂ ನಂಬಿದ್ದೆ ಕಣೇ. ನಿನ್ನೊಬ್ಬಳದೇ ತಪ್ಪು ಅಂದುಕೊಳ್ಳಬೇಡ. ಈಗ ಹೇಳು, ನೆನೆದು ತೊಪ್ಪೆಯಾಗಿದ್ದೀನಿ" ಎಂದರು ಐರಿನ್.

"ಒಳಗೆ ಹೋಗು ಮಾರಾಯ್ತಿ. ನಿನಗೆ ಯಾರು ಸರಿ ಅಂತ ಕಾಣ್ತಾರೋ ಅವರಿಗೇ ನನ್ನದನ್ನೂ ಹಾಕು. ಹೆಸರು ನನಗೆ ಹೇಳ್ಬೇಡ. ಅಲ್ಲಿ ನಿಂತಿರುವ ಒಬ್ಬರ ಮೇಲೂ ನನಗೆ ನಂಬಿಕೆ ಇಲ್ಲ. ನಿನ್ನ ಮೇಲೆ ಉಂಟು."

ಐರಿನ್ ತಲೆಯಾಡಿಸಿದರು. ವಾಕರನ್ನು ಬಾಗಿಲ ಬಳಿ ನಿಲ್ಲಿಸಿ, ಫೋನನ್ನು ಅದರ ಬುಟ್ಟಿಯಲ್ಲೇ ಬಿಟ್ಟು, ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಕರೆ ಕಟ್ ಮಾಡಲು ಮರೆತಿದ್ದರು. ಪರದೆಯಲ್ಲೀಗ ಒಂದಿಷ್ಟು ಬೂದು ಆಕಾಶ, ಮಾಡಿನ ಅಂಚಿನಿಂದ ತೊಟ್ಟಿಕ್ಕುವ ನೀರು, ಅಷ್ಟೇ. ಚಿಕ್ಕಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಫೋನು ಹಿಡಿದು, ಕುರ್ಚಿಯ ಅಂಚಿನಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

"ಕಟ್ ಮಾಡ್ಲಾ ಚಿಕ್ಕಮ್ಮ?"

"ಬೇಡ ಮಗ. ಅವಳು ಹೊರಗೆ ಬರ್ಲಿ. ಇಳಿಯುವಾಗ ಮೆಟ್ಟಿಲು ಜಾರ್ತದೆ."