ಹಾಲ್ವರ್‌ನ ಗಾಡಿಮನೆಗೊಂದು ವ್ಯಾಗನ್

ಆ ಶನಿವಾರ ಬೆಳಗ್ಗೆ ಸರೋವರದ ಮೇಲೆ ಮಂಜು ಕಾಯಿಸಿದ ಹಾಲಿನ ಕೆನೆಯಂತೆ ಕಟ್ಟಿತ್ತು. ರಾತ್ರಿಯೆಲ್ಲ ಸುರಿದ ಮಳೆ ನಿಂತು, ಜೋಳದ ಹೊಲಗಳಾಚೆ ಸೂರ್ಯ ಮೆಲ್ಲಗೆ ಇಣುಕುತ್ತಿದ್ದ. ದೇವರು ತೊಳೆದು ಒರೆಸಿಟ್ಟ ಲೋಕವನ್ನು ನೋಡಿ ಕೈಮುಗಿಯಬೇಕಾದ ಹೊತ್ತಿನಲ್ಲಿ ಹಾಲ್ವರ್ ಅಂಗಳದಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

ಎದುರಿಗೆ ಅವನ ಗಾಡಿಮನೆ. ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿಯ, ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾಂಪರ್. ಕೆಳಗೆ ಪುದೀನ ಹಸಿರು, ಮೇಲೆ ಕೆನೆಬಣ್ಣ. ಮಲಗಿಸಿದ ಮೊಟ್ಟೆಯಂತೆ ದುಂಡಗೆ. ಯಾರದೋ ಕೊಟ್ಟಿಗೆಯಲ್ಲಿ ಇಲಿಗಳು ಸಂಸಾರ ಹೂಡಿದ್ದ ಅದನ್ನು ತಂದು, ಚಳಿಗಾಲಗಳನ್ನೆಲ್ಲ ಅದರ ಹೊಟ್ಟೆಯೊಳಗೇ ಕಳೆದು ಹೊಳೆಯುವಂತೆ ಮಾಡಿದ್ದ. ಸಂಜೆ ಸರೋವರದ ದಂಡೆಯಲ್ಲಿ ಹಳೆ ಗಾಡಿಮನೆಗಳ ಕೂಟ. ಅಲ್ಲಿ ಒಂದು ಕಟ್ಟಳೆ: ಗಾಡಿಮನೆಯ ಜೊತೆ ಎಳೆಯುವ ಕಾರೂ ಹಳೆಯದಾಗಿದ್ದರೆ ನೀರಿನ ಪಕ್ಕದ ಸಾಲು, ಹೊಸ ಪಿಕಪ್ಪಿಗೆ ಕಟ್ಟಿಕೊಂಡು ಬಂದವರಿಗೆ ಶೌಚಾಲಯದ ಹಿಂದಿನ ಸಾಲು. ಹಾಲ್ವರ್‌ಗೆ ಇದ್ದದ್ದು ಹೊಸ ಪಿಕಪ್ಪು.

"ನಮ್ಮ ವರ್ನಾಗೆ ಹೇಳಿಬಿಟ್ಟಿದೀನಿ, ಈ ಸಲ ನಿನ್ನ ಪಕ್ಕದಲ್ಲೇ ನೀರಿನ ದಡದಲ್ಲಿ ಇರ್ತೀವಿ ಅಂತ," ಎಂದಳು ಹೆಂಡತಿ ಅರ್ಡಿಸ್, ಪರದೆಗಳಿಗೆ ಇಸ್ತ್ರಿ ಹಾಕುತ್ತ. ವರ್ನಾ ಅವಳ ಅಕ್ಕ. "ಶೌಚಾಲಯದ ಹಿಂದೆ ನಿಂತರೆ ಅವಳು ಸಾಯೋವರೆಗೂ ಆಡಿಕೊಳ್ತಾಳೆ. ಸತ್ತ ಮೇಲೂ ಆಡಿಕೊಳ್ತಾಳೆ."

ಹಾಗಾಗಿ ಸಂಜೆಯೊಳಗೆ ಹಿಂಬದಿ ಉದ್ದವಿರುವ ಹಳೆಯ ಕಾರು, ಒಂದು ಸ್ಟೇಷನ್ ವ್ಯಾಗನ್, ಬೇಕೇ ಬೇಕು.

ಸುದ್ದಿ ತಿಳಿದದ್ದೇ ತಡ, ಅಕ್ಕಪಕ್ಕದ ಮನೆಯ ಎಲ್‌ರಾಯ್ ಮತ್ತು ಮಿಲ್ಟನ್ ಬೇಲಿ ದಾಟಿ ಬಂದರು. ಎಲ್‌ರಾಯ್ ಫೋರ್ಡ್ ಕಾರಿನ ಭಕ್ತ, ಮಿಲ್ಟನ್ ಶೆವರ್ಲೆಯ ಭಕ್ತ. ಎಣ್ಣೆ ಸೀಗೆಕಾಯಿ ಬೇಕಾದರೆ ಒಂದಾದೀತು.

"ಫೋರ್ಡೇ ತಗೋ. ಪಕ್ಕಕ್ಕೆ ಮರದ ಪಟ್ಟಿ ಇರೋದು," ಎಂದ ಎಲ್‌ರಾಯ್.

"ಮರ ಬೇಕಾದ್ರೆ ಬಟ್ಟೆ ಬೀರು ತಗೊಳ್ಳಲಿ ಕಣೋ," ಎಂದ ಮಿಲ್ಟನ್. "ಎಳೆಯೋಕೆ ಶೆವರ್ಲೆ."

"ಯಾವುದೇ ಆಗಲಿ, ಜೋಡಿ ಹೊಂದುತ್ತಾ ನೋಡದೆ ತಗೊಳ್ಳೋದಾ? ಹುಡುಗಿನ ಜೊತೆಗೇ ಕರ್ಕೊಂಡು ಹೋಗೋಣ," ಎಂದ ಎಲ್‌ರಾಯ್. ಇದೊಂದರಲ್ಲಿ ಮಿಲ್ಟನ್ನೂ ತಲೆಯಾಡಿಸಿದ. ಗಾಡಿಮನೆಯನ್ನು ಪಿಕಪ್ಪಿಗೆ ಕಟ್ಟಿ, ಮೂವರೂ ಗಂಡು ಹುಡುಕುವವರ ಸಂಭ್ರಮದಲ್ಲಿ ಹೊರಟರು.

ಮೊದಲು ಸಿಕ್ಕಿದ್ದು ಮುದುಕಿ ಬೋರ್ಗಿಲ್ಡಮ್ಮನ ಫೋರ್ಡು. ಮರದ ಪಟ್ಟಿ, ಕೆನೆಬಣ್ಣದ ಮೈ. ಹಿಂಬಾಗಿಲಂತೂ ಚರ್ಚಿನ ಬಾಗಿಲಿನಷ್ಟು ಗಂಭೀರ. ಗಾಡಿಮನೆಯ ಪಕ್ಕಕ್ಕೆ ನಿಲ್ಲಿಸಿದಾಗ ಎರಡೂ ಒಂದೇ ಬಸಿರಿನಲ್ಲಿ ಹುಟ್ಟಿದಂತಿದ್ದವು.

"ನಮ್ಮೆಜಮಾನರು ಹೋದ್ಮೇಲೆ ಸುಮ್ನೆ ನಿಂತಿದೆ. ನೀನೇ ತಗೊಂಡ್ಹೋಗಪ್ಪ. ನಿನಗೆ ತೋಚಿದ್ದು ಕೊಡು," ಎಂದಳು ಬೋರ್ಗಿಲ್ಡಮ್ಮ.

ಇಲ್ಲಿ ಒಂದು ಮಾತು ಹೇಳಬೇಕು. ಮಿನ್ನೆಸೋಟದ ನಮ್ಮ ಸೀಮೆಯಲ್ಲಿ ಯಾರೇ ಏನೇ ಕೊಡಲು ಬಂದರೂ ಎರಡು ಸಲ ಬೇಡ ಎನ್ನಬೇಕು. ಮೂರನೆಯ ಸಲಕ್ಕೆ ಹೂಂ ಎನ್ನಬೇಕು. ಅಜ್ಜಂದಿರು ನಾರ್ವೆಯಿಂದ ಹಡಗಿನಲ್ಲಿ ತಂದ ಮರ್ಯಾದೆ ಅದು. ಮೊದಲ ಸಲಕ್ಕೇ ಹೂಂ ಎಂದವನನ್ನು ಅಂಗಳಕ್ಕೆ ನುಗ್ಗಿದ ಕರಡಿಯನ್ನು ನೋಡಿದಂತೆ ನೋಡುತ್ತಾರೆ.

"ಅಯ್ಯೋ, ಬೇಡಮ್ಮ. ನಿಮ್ಮದು ಕಿತ್ಕೊಂಡ ಹಾಗಾಗುತ್ತೆ," ಎಂದ ಹಾಲ್ವರ್.

"ಪರವಾಗಿಲ್ಲ, ತಗೋ."

"ಛೆ ಛೆ, ಬೇಡವೇ ಬೇಡ," ಎಂದು, ಮೂರನೆಯ ಸಲಕ್ಕೆ ಬಾಯಿ ಸಿದ್ಧ ಮಾಡಿಕೊಂಡು ನಿಂತ.

ಅಷ್ಟರಲ್ಲಿ ರಸ್ತೆಯಲ್ಲಿ ಕಾರು ನಿಲ್ಲಿಸಿ ನೋಡುತ್ತಿದ್ದ ಷಿಕಾಗೋದವನೊಬ್ಬ, "ಅವರಿಗೆ ಬೇಡವಂತಲ್ಲ, ನನಗೆ ಕೊಡಿ," ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೋರ್ಗಿಲ್ಡಮ್ಮ ಅವನಿಗೆ ಕೀಲಿ ಕೊಡುವವರೆಗೂ ಹಾಲ್ವರ್ ನಗುತ್ತಲೇ ನಿಂತಿದ್ದ, ಅದೂ ಮರ್ಯಾದೆ.

"ನಿನ್ನ ನಾಲಿಗೆಗೆ ಬೆಂಕಿ ಹಾಕ!" ಎಂದ ಎಲ್‌ರಾಯ್.

"ದೇವರಾಣೆ, ಇನ್ನು ಯಾರು ಏನು ಕೊಟ್ಟರೂ ಮೊದಲ ಮಾತಿಗೇ ಹೂಂ," ಎಂದ ಹಾಲ್ವರ್.

ಎರಡನೆಯ ವ್ಯಾಗನ್ನಿನ ನೆಲದಲ್ಲಿ ತೂತಿತ್ತು. ಮಿಲ್ಟನ್ ಕೂತ ಕೂಡಲೇ ಅವನ ಎರಡೂ ಕಾಲು ರಸ್ತೆಗೆ ತಾಗಿದವು. "ಬ್ರೇಕ್ ಹಿಡಿಯದಿದ್ರೂ ಚಿಂತೆಯಿಲ್ಲ," ಎಂದು ಎಲ್‌ರಾಯ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೊತ್ತು ಇಳಿಯುತ್ತಿತ್ತು. ಕೊನೆಗೆ ಮಿಲ್ಟನ್ ಗುಟ್ಟು ಬಿಟ್ಟ: ಆಚೆ ತಿರುವಿನ ನೆಲ್ಸ್‌ನ ಕೊಟ್ಟಿಗೆಯಲ್ಲಿ ಒಂದು ಶೆವರ್ಲೆ ಇದೆ. ಮಾರಾಟಕ್ಕಿಲ್ಲ. ಸುಮ್ಮನೆ ನೋಡಿ ಬರಬಹುದು.

ನೆಲ್ಸ್ ಅದರ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದ. ಪುದೀನ ಹಸಿರು! ಗಾಡಿಮನೆಯದೇ ಹಸಿರು! ನೆಲ್ಸ್‌ನ ಹೆಂಡತಿ ಆಲ್ಮಾ ಕಾಫಿ ತಂದಳು. ಅತಿಥಿಯ ಕಣ್ಣು ವ್ಯಾಗನ್ನಿನಿಂದ ಕದಲದ್ದನ್ನು ಕಂಡು ನೆಲ್ಸ್ ಉಪಚಾರಕ್ಕೆ, "ಅಷ್ಟು ಇಷ್ಟವಾದ್ರೆ ತಗೊಂಡ್ಹೋಗಿ," ಎಂದ.

"ಹೂಂ!" ಎಂದ ಹಾಲ್ವರ್.

ನೆಲ್ಸ್‌ನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಆಲ್ಮಾ ಗಂಡನನ್ನು ನೋಡಿದಳು. ಮಿಲ್ಟನ್ ಛಾವಣಿ ನೋಡಿದ. ಆದರೆ ಆಡಿದ ಮಾತು ಆಡಿದ ಮಾತೇ. ಹಾಲ್ವರ್ ನ್ಯಾಯವಾದ ಬೆಲೆ ಕೊಟ್ಟ. ನೆಲ್ಸ್ ಮಗಳನ್ನು ಧಾರೆಯೆರೆಯುವ ಮುಖ ಮಾಡಿಕೊಂಡು ಕೀಲಿ ಕೊಟ್ಟ.

ಗಾಡಿಮನೆಯನ್ನು ವ್ಯಾಗನ್ನಿಗೆ ಕಟ್ಟಿದರು. ಅದು ಬೆಣ್ಣೆಯಲ್ಲಿ ಕೂದಲೆಳೆದಂತೆ ಎಳೆಯಿತು! ಅಂಗಳದಲ್ಲಿ ಒಂದು ಸುತ್ತು, ಎರಡು ಸುತ್ತು. ಎಲ್‌ರಾಯ್ ಕೂಡ ಟೋಪಿ ತೆಗೆದ. ಹಾಲ್ವರ್‌ನ ಕಣ್ಣಿಗೆ ಆಗಲೇ ನೀರಿನ ದಡ, ಅರ್ಡಿಸಳ ಪರದೆ, ವರ್ನಾಳ ಬಿಟ್ಟ ಬಾಯಿ ಕಾಣುತ್ತಿದ್ದವು.

ಇಳಿದು ನೋಡಿದರೆ ನೆಲ್ಸ್‌ನ ಕಣ್ಣು ಒದ್ದೆ. ಆಲ್ಮಾ ಗಾಡಿಮನೆಯ ಬಾಗಿಲು ಸವರುತ್ತ, "ಎಷ್ಟು ಚೆಂದ ಇದೆ! ನಮಗೂ ಇಂಥದ್ದೊಂದು ಆಸೆ ಇತ್ತು," ಎಂದಳು.

ಸುಖದಲ್ಲಿ ಮನುಷ್ಯನ ಮನಸ್ಸು ಮೆತ್ತಗಾಗುತ್ತದೆ. ಹಾಲ್ವರ್ ಉಪಚಾರಕ್ಕೆ, "ಅದಕ್ಕೇನಂತೆ, ಬೇಕಾದ್ರೆ ಈ ಗಾಡಿಮನೇನ ನೀವೇ ಇಟ್ಕೊಳ್ಳಿ," ಎಂದ.

"ಹೂಂ," ಎಂದ ನೆಲ್ಸ್.

ಹಾಲ್ವರ್ ಸಂಜೆ ಬರಿಯ ವ್ಯಾಗನ್ ಓಡಿಸಿಕೊಂಡು ಮನೆಗೆ ಬಂದ; ಪಿಕಪ್ಪನ್ನು ಎಲ್‌ರಾಯ್ ಮತ್ತು ಮಿಲ್ಟನ್ ತಂದರು. ಅರ್ಡಿಸ್ ಇಸ್ತ್ರಿ ಹಾಕಿದ ಪರದೆಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು.

"ಎಷ್ಟು ಚೆಂದದ ವ್ಯಾಗನ್! ಹಿಂದಿನ ಗಾಡಿಮನೆ ಎಲ್ಲಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಟ್ರಾಕ್ಟರಿನ ಸದ್ದು. ನೆಲ್ಸ್! ಹಿಂದೆ ಗಾಡಿಮನೆ! ಹಾಲ್ವರ್ ಹುಡುಗನಂತೆ ಅಂಗಳಕ್ಕೆ ಹಾರಿದ.

ನೆಲ್ಸ್ ಟೋಪಿ ತೆಗೆದು ನಿಂತ. "ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡೋಕೆ ಆಗಲಿಲ್ಲ ಕಣಪ್ಪ. ಹಾಗೆ ತಟ್ಟನೆ ತಗೊಳ್ಳೋದು ತಪ್ಪು. ನಮಗೆ ಬೇಡ."

ದೇವರು ದೊಡ್ಡವನು. ಆದರೆ ಹಾಲ್ವರ್‌ನ ನಾಲಿಗೆ ಅಜ್ಜಂದಿರದು. "ಅಯ್ಯೋ, ಇರಲಿ ಬಿಡಿ. ಕೊಟ್ಟಿದ್ದು ಕೊಟ್ಟ ಹಾಗೇ," ಎಂದುಬಿಟ್ಟಿತು.

ಅರ್ಡಿಸ್ ಅವನ ಕಾಲು ತುಳಿದಳು.

"ಛೆ ಛೆ, ಬೇಡವೇ ಬೇಡ," ಎಂದ ನೆಲ್ಸ್.

ಹಾಲ್ವರ್ ತುಟಿ ಕಚ್ಚಿದ. ಎಲ್‌ರಾಯ್, ಮಿಲ್ಟನ್ ಬೇಲಿಯ ಮೇಲಿಂದ ಮುಂದಕ್ಕೆ ಬಾಗಿದರು. ಸುಮ್ಮನಿದ್ದರೆ ಸಾಕಿತ್ತು. ಆದರೆ ಸಂತೋಷವನ್ನು ಅವನಿಗೆ ನಂಬಲಾಗಲಿಲ್ಲ. ಖಚಿತ ಮಾಡಿಕೊಳ್ಳೋಣವೆಂದು, "ನಿಜವಾಗ್ಲೂ ಬೇಡ್ವಾ?" ಎಂದ.

ನೆಲ್ಸ್‌ನ ಮುಖ ಅರಳಿತು. "ಮೂರನೇ ಸಲಾನೂ ಇಷ್ಟು ಬಲವಂತ ಮಾಡ್ತಿದೀರಲ್ಲ... ಆಯ್ತಪ್ಪ, ನಿಮ್ಮಿಷ್ಟ."

ನೆಲ್ಸ್ ಅರ್ಡಿಸ್‌ಗೆ ತಲೆಬಾಗಿ ಟ್ರಾಕ್ಟರ್ ಹತ್ತಿದ. ಗಾಡಿಮನೆ ತಿರುವು ದಾಟಿ ಮರೆಯಾಯಿತು. ಮಧ್ಯಾಹ್ನ ಹೇಳದೆ ಬಾಕಿ ಉಳಿಸಿಕೊಂಡಿದ್ದ ಎರಡು 'ಬೇಡ'ಗಳನ್ನು ಆ ಪ್ರಾಮಾಣಿಕ ಮನುಷ್ಯ ಬಂದು ತೀರಿಸಿ ಹೋಗಿದ್ದ.